ಚೆಂಡಿನ ವೇಗ ಮತ್ತು ಸ್ಪಿನ್ ಮಾಪನ: ಮನೆಯಂಗಳದ ಅಭ್ಯಾಸದಲ್ಲಿ

ಚೆಂಡಿನ ವೇಗ ಮತ್ತು ಸ್ಪಿನ್ ಮಾಪನ: ಸಾಫ್ಟ್‌ಬಾಲ್ ಪಿಚರ್ ಅಥವಾ ಕ್ರಿಕೆಟ್ ಬೌಲರ್ ಎಸೆದ ಚೆಂಡು ಎಷ್ಟು ವೇಗದಲ್ಲಿ ಸಾಗಿತು, ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಯಾವ ಅಕ್ಷದ ಮೇಲೆ ತಿರುಗಿತು ಎಂಬುದನ್ನು ಕಂಡುಕೊಳ್ಳುವ ಕ್ರಮ. ದೊಡ್ಡ ಮೈದಾನಗಳಲ್ಲಿ ಈ ಕೆಲಸವನ್ನು ರೇಡಾರ್ ಮತ್ತು ಹಲವಾರು ಕ್ಯಾಮೆರಾಗಳು ಮಾಡುತ್ತವೆ. ಮನೆಯ ಅಂಗಳ, ಶಾಲೆಯ ಬಯಲು, ಕೊಯ್ಲಾದ ಹೊಲಗಳಲ್ಲಿ ಅಳತೆಯ ಟೇಪು, ಸುಣ್ಣದ ಪುಡಿ ಮತ್ತು ಸ್ಲೋ ಮೋಷನ್ ಇರುವ ಒಂದು ಮೊಬೈಲಿನಿಂದಲೇ ಇದನ್ನು ಸಾಕಷ್ಟು ನಂಬಿಕೆಗೆ ಅರ್ಹವಾಗಿ ಮಾಡಬಹುದು.

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ ಸೀಮೆಯ ಕೊಹಿನೂರದಂಥ ಊರಿಗೆ ಈ ವಿಷಯ ಬೆಂಗಳೂರಿಗಿಂತ ಹೆಚ್ಚು ಮುಖ್ಯ. ಇಲ್ಲಿಂದ ರಾಜಧಾನಿ ಆರುನೂರು ಕಿಲೋಮೀಟರಿಗೂ ದೂರ. ರಾಜ್ಯ ಕ್ರಿಕೆಟ್ ಸಂಸ್ಥೆಯ ವಿಂಗಡಣೆಯಲ್ಲಿ ಜಿಲ್ಲೆ ರಾಯಚೂರು ವಲಯಕ್ಕೆ ಸೇರುತ್ತದೆ. ತೊಗರಿ, ಜೋಳ, ಕಡಲೆ ಕಟಾವಾದ ಮೇಲೆ ಖಾಲಿ ಬೀಳುವ ಎರೆಹೊಲ, ಇಲ್ಲವೇ ಮುರುಮ ಹಾಸಿದ ಶಾಲೆಯ ಅಂಗಳವೇ ಹುಡುಗರ ಮೈದಾನ; ಟೆನಿಸ್ ಚೆಂಡೇ ಆಟದ ಚೆಂಡು. ಸಾಫ್ಟ್‌ಬಾಲ್ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಶಾಲಾ ಕ್ರೀಡಾಕೂಟಗಳ ಮೂಲಕ, ಅನಂತರ ಅಂತರವಿಶ್ವವಿದ್ಯಾಲಯ ಕೂಟಗಳ ಮೂಲಕ ಎಟಕುವ ಆಟ. ಎರಡರಲ್ಲೂ ಪ್ರತಿಭೆ ಕಂಡು ಹೇಳುವವರು ಪಿ.ಟಿ. ಮಾಸ್ತರರೊಬ್ಬರೇ. ‘ಹುಡುಗ ಜೋರ್ ಹಾಕ್ತಾನ್ರಿ’ ಎಂಬ ಮಾತಿನ ಜೊತೆಗೆ ಅಳೆದು ಬರೆದಿಟ್ಟ ಒಂದು ಅಂಕಿಯೂ ಇದ್ದರೆ ಆಯ್ಕೆಗಾರರ ಮುಂದೆ ಆ ಮಾತಿಗೆ ತೂಕ ಬರುತ್ತದೆ.

ಇತಿಹಾಸ

ಎಸೆತದ ವೇಗ ಅಳೆಯುವ ಆಸೆ ರೇಡಾರಿಗಿಂತ ಹಳೆಯದು. 1912ರಲ್ಲಿ ಅಮೆರಿಕದ ಬೇಸ್‌ಬಾಲ್ ಪಿಚರ್ ವಾಲ್ಟರ್ ಜಾನ್ಸನ್‌ನನ್ನು ಬಂದೂಕು ತಯಾರಿಸುವ ಕಂಪನಿಯೊಂದರ ಪ್ರಯೋಗಾಲಯಕ್ಕೆ ಕರೆದೊಯ್ದು, ಗುಂಡಿನ ವೇಗ ಅಳೆಯುವ ಸಾಧನದ ಮೂಲಕ ಚೆಂಡು ಹಾಯಿಸಲು ಹೇಳಲಾಯಿತು. ಸೆಕೆಂಡಿಗೆ 122 ಅಡಿ, ಅಂದರೆ ಗಂಟೆಗೆ ಸುಮಾರು 134 ಕಿ.ಮೀ. ದಾಖಲಾಯಿತು. 1940ರಲ್ಲಿ ಬಾಬ್ ಫೆಲರ್‌ನ ಎಸೆತವನ್ನು ಓಡುವ ಮೋಟರ್‌ಸೈಕಲ್ ಜೊತೆ ಪಂದ್ಯ ಕಟ್ಟಿ ಅಂದಾಜು ಮಾಡಿದರು. ಕ್ರಿಕೆಟ್‌ನಲ್ಲಿ ಆಸ್ಟ್ರೇಲಿಯದ ಜೆಫ್ ಥಾಮ್ಸನ್‌ನ ವೇಗವನ್ನು 1970ರ ದಶಕದ ಮಧ್ಯದಲ್ಲಿ ಪರ್ತ್‌ನಲ್ಲಿ ಅತಿವೇಗದ ಕ್ಯಾಮೆರಾಗಳಿಂದ ಅಳೆದು 160 ಕಿ.ಮೀ. ದಾಟಿದ್ದನ್ನು ಕಂಡರು. ಚಿತ್ರಗಳನ್ನು ಒಂದೊಂದಾಗಿ ಎಣಿಸುವ ಆ ವಿಧಾನವೇ ಇಂದು ಮೊಬೈಲಿನೊಳಗೆ ಬಂದು ಕುಳಿತಿದೆ.

1974ರ ಸುಮಾರಿಗೆ ಮಿಷಿಗನ್ ವಿಶ್ವವಿದ್ಯಾಲಯವೊಂದರ ಬೇಸ್‌ಬಾಲ್ ತರಬೇತುದಾರ ಡ್ಯಾನಿ ಲಿಟ್‌ವೈಲರ್ ಪೊಲೀಸರ ರಸ್ತೆ ರೇಡಾರನ್ನು ಪಿಚರ್‌ಗಳ ಕಡೆಗೆ ತಿರುಗಿಸಿದ್ದರಿಂದ ಸ್ಪೀಡ್ ಗನ್ ಆಟದೊಳಗೆ ಬಂತು. 2001ರಲ್ಲಿ ಇಂಗ್ಲೆಂಡಿನಲ್ಲಿ ಹಾಕ್‌ಐ ಕ್ಯಾಮೆರಾ ವ್ಯವಸ್ಥೆ ಕ್ರಿಕೆಟ್ ಪ್ರಸಾರವನ್ನು ಸೇರಿತು. 2003ರ ವಿಶ್ವಕಪ್‌ನಲ್ಲಿ ಕೇಪ್‌ಟೌನಿನಲ್ಲಿ ಶೋಯೆಬ್ ಅಖ್ತರ್ ಹಾಕಿದ 161.3 ಕಿ.ಮೀ. ಎಸೆತ ಇಂದಿಗೂ ದಾಖಲೆ. ಕರ್ನಾಟಕದ ನೆಲದ ಮೇಲೆ ನೆನಪಿನಲ್ಲಿ ಉಳಿದಿರುವುದು 2024ರ ಏಪ್ರಿಲ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಲಖನೌ ತಂಡದ ಮಯಂಕ್ ಯಾದವ್ ಹಾಕಿದ 156.7 ಕಿ.ಮೀ.

ಇಷ್ಟು ದುಬಾರಿ ಸಾಧನಗಳೂ ಎಡವುತ್ತವೆ. 2022ರಲ್ಲಿ ಐರ್ಲೆಂಡಿನ ಪಂದ್ಯದಲ್ಲಿ ಭುವನೇಶ್ವರ್ ಕುಮಾರ್ ಎಸೆತಕ್ಕೆ 201 ಕಿ.ಮೀ., 2024ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟ್‌ನಲ್ಲಿ ಮೊಹಮ್ಮದ್ ಸಿರಾಜ್ ಎಸೆತಕ್ಕೆ 181.6 ಕಿ.ಮೀ. ಎಂದು ಟಿ.ವಿ. ಪರದೆ ತೋರಿಸಿತು. ಎರಡೂ ಯಂತ್ರದ ತಪ್ಪುಗಳು. ಮನೆಯಲ್ಲಿ ಅಳೆಯುವವರು ಇದರಿಂದ ಕಲಿಯಬೇಕಾದ್ದಿದೆ: ಒಂದೇ ಎಸೆತದ ಅಚ್ಚರಿಯ ಅಂಕಿಯನ್ನು ನಂಬಬಾರದು, ಅದರ ಅಕ್ಕಪಕ್ಕದ ಎಸೆತಗಳು ಏನು ಹೇಳುತ್ತವೆ ಎಂದು ನೋಡಬೇಕು.

ಯಾವ ವೇಗ?

ಚೆಂಡಿಗೆ ಒಂದೇ ವೇಗವಿಲ್ಲ. ಬೆರಳು ಬಿಟ್ಟ ಕ್ಷಣದ್ದೇ ಅತಿ ಹೆಚ್ಚು. ಅಲ್ಲಿಂದ ಮುಂದೆ ಗಾಳಿ ಅದನ್ನು ತಡೆಯುತ್ತಲೇ ಹೋಗುತ್ತದೆ. ನೆಲಕ್ಕೆ ಬಿದ್ದಾಗ ಇನ್ನಷ್ಟು ಕಳೆದುಕೊಳ್ಳುತ್ತದೆ. ಟಿ.ವಿ.ಯಲ್ಲಿ ಕಾಣುವುದು ಕೈಬಿಟ್ಟ ಕ್ಷಣದ ವೇಗ. ಮನೆಯಲ್ಲಿ ದೂರವನ್ನು ಕಾಲದಿಂದ ಭಾಗಿಸಿ ಪಡೆಯುವುದು ಸರಾಸರಿ ವೇಗ. ಇದು ಸಹಜವಾಗಿಯೇ ಕಡಿಮೆ ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಕ್ಕಳು ತಮ್ಮ ಅಂಕಿಯನ್ನು ಟಿ.ವಿ.ಯ ಅಂಕಿಯ ಪಕ್ಕಕ್ಕಿಟ್ಟು ಕುಗ್ಗುತ್ತಾರೆ. ಅದು ಅವರಿಗೆ ಆಗುವ ಅನ್ಯಾಯ.

ನಷ್ಟ ಎಷ್ಟು ಎಂಬುದು ಚೆಂಡಿನ ತೂಕದ ಮೇಲೆ ನಿಂತಿದೆ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಸುತ್ತಳತೆ 22.4ರಿಂದ 22.9 ಸೆಂ.ಮೀ. ಟೆನಿಸ್ ಚೆಂಡು ಗಾತ್ರದಲ್ಲಿ ಹೆಚ್ಚುಕಡಿಮೆ ಅದರ ಹತ್ತಿರವೇ ಇದ್ದರೂ ತೂಕ 56ರಿಂದ 59 ಗ್ರಾಂ ಮಾತ್ರ, ಮೈಮೇಲೆ ರೋಮ ಬೇರೆ. ಲೆಕ್ಕ ಹಾಕಿದರೆ 12 ಮೀಟರ್ ಸಾಗುವಷ್ಟರಲ್ಲಿ ಚರ್ಮದ ಚೆಂಡು ತನ್ನ ವೇಗದ ನೂರಕ್ಕೆ ಆರೇಳು ಭಾಗ ಕಳೆದುಕೊಂಡರೆ, ಟೆನಿಸ್ ಚೆಂಡು ಸುಮಾರು ಇಪ್ಪತ್ತು ಭಾಗ ಕಳೆದುಕೊಳ್ಳುತ್ತದೆ. ಹಾಗಾಗಿ ಸರಾಸರಿ ವೇಗದಿಂದ ಕೈಬಿಟ್ಟ ವೇಗಕ್ಕೆ ಬರಬೇಕಾದರೆ ಚರ್ಮದ ಚೆಂಡಿಗೆ ನೂರಕ್ಕೆ ಮೂರು, ಟೆನಿಸ್ ಚೆಂಡಿಗೆ ಹನ್ನೆರಡರಷ್ಟು ಸೇರಿಸಬೇಕಾಗುತ್ತದೆ. ಬೀದರ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ಕರಾವಳಿಯ ತಂಪು ದಿನದ ಗಾಳಿಗಿಂತ ಹತ್ತನೇ ಒಂದು ಭಾಗದಷ್ಟಾದರೂ ತೆಳುವಾಗಿರುತ್ತದೆ. ಆದ್ದರಿಂದ ಚೆಂಡು ತುಸು ಕಡಿಮೆ ನಿಧಾನಿಸುತ್ತದೆ, ತುಸು ಕಡಿಮೆಯೇ ಬಾಗುತ್ತದೆ ಕೂಡ.

ಮೊಬೈಲ್ ವಿಧಾನ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಲಿಸುವ ವಿಧಾನವೂ ಇದೇ. ಕ್ರಿಕೆಟ್ ಪಿಚ್ 22 ಗಜ, ಅಂದರೆ 20.12 ಮೀಟರ್. ಎರಡೂ ಬದಿಯ ಪಾಪಿಂಗ್ ಕ್ರೀಸುಗಳ ನಡುವಿನ ಅಂತರ 17.68 ಮೀಟರ್. ಬೌಲರ್‌ನ ಮುಂಗಾಲು ಬೀಳುವ ಕ್ರೀಸಿನಿಂದ ಮುಂದಕ್ಕೆ ಪ್ರತಿ ಮೀಟರಿಗೂ ಸುಣ್ಣದ ಗೆರೆ ಎಳೆಯಬೇಕು. ಹೆಜ್ಜೆಯಿಂದ ಅಳೆದ 22 ಗಜ ಸಾಲದು. ಚೆಂಡು ನೆಲಕ್ಕೆ ಬೀಳುವವರೆಗಿನ 12 ಮೀಟರಿನಲ್ಲಿ ಒಂದು ಮೀಟರ್ ತಪ್ಪಿದರೆ ಅಂಕಿಯಲ್ಲಿ ನೂರಕ್ಕೆ ಎಂಟರಷ್ಟು ತಪ್ಪು ಬರುತ್ತದೆ. ಗಾರೆ ಕೆಲಸದವರ ಬಳಿ ಇರುವ ಉದ್ದನೆಯ ಟೇಪನ್ನು ಒಂದು ದಿನಕ್ಕೆ ಕೇಳಿ ತಂದರೂ ಸಾಕು.

ಮೊಬೈಲನ್ನು ಸೆಕೆಂಡಿಗೆ 240 ಫ್ರೇಮ್ ಸ್ಲೋ ಮೋಷನ್‌ಗೆ ಇಟ್ಟು, ಕೈಯೂ ನೆಲಕ್ಕೆ ಬೀಳುವ ಜಾಗವೂ ಕಾಣುವಂತೆ ಅಲುಗಾಡದ ಹಾಗೆ ನಿಲ್ಲಿಸಬೇಕು. ಪಕ್ಕದಿಂದಲೇ ತೆಗೆಯಬೇಕೆಂದೇನಿಲ್ಲ. ಅಂಗಳ ಕಿರಿದಾದರೆ ಬೌಲರ್‌ನ ಹಿಂದಿನಿಂದಲೂ ತೆಗೆಯಬಹುದು, ಏಕೆಂದರೆ ಬೇಕಾದದ್ದು ಎರಡೇ ಫ್ರೇಮ್: ಚೆಂಡು ಬೆರಳು ಬಿಟ್ಟದ್ದು, ಚೆಂಡು ನೆಲ ಮುಟ್ಟಿದ್ದು. ನೆಲ ಮುಟ್ಟಿದ ಕ್ಷಣವನ್ನು ಮುರುಮದ ಧೂಳು ನೋಡಿ ಗುರುತಿಸಿದರೆ ಒಂದೆರಡು ಫ್ರೇಮ್ ತಡವಾಗುತ್ತದೆ. ಬಿಸಿಲಿನಲ್ಲಿ ಚೆಂಡು ತನ್ನ ನೆರಳನ್ನು ಕೂಡುವ ಫ್ರೇಮೇ ಸರಿಯಾದದ್ದು.

ಒಂದು ಲೆಕ್ಕ ನೋಡೋಣ. ಕೈಬಿಟ್ಟ ಎತ್ತರ 2 ಮೀಟರ್, ಚೆಂಡು ಬಿದ್ದದ್ದು 12 ಮೀಟರ್ ಮುಂದೆ. ಓರೆಯಾಗಿ ಸಾಗಿದ ದೂರ 12.17 ಮೀಟರ್. ನಡುವಿನ ಫ್ರೇಮ್‌ಗಳು 110. ದೂರವನ್ನು 240ರಿಂದ ಗುಣಿಸಿ, 110ರಿಂದ ಭಾಗಿಸಿ, 3.6ರಿಂದ ಗುಣಿಸಿದರೆ ಗಂಟೆಗೆ 95.6 ಕಿ.ಮೀ. ಎಣಿಕೆಯಲ್ಲಿ ಒಂದು ಫ್ರೇಮ್ ಆಚೀಚೆಯಾದರೆ ಉತ್ತರ ಒಂದು ಕಿ.ಮೀ. ಒಳಗೇ ಬದಲಾಗುತ್ತದೆ. ಇದೇ ಎಸೆತವನ್ನು ಸಾಮಾನ್ಯ ವಿಡಿಯೊದಲ್ಲಿ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದಿದ್ದರೆ ಎಣಿಕೆ 13 ಅಥವಾ 14 ಬರುತ್ತಿತ್ತು. ಉತ್ತರ 101 ಅಥವಾ 94. ಏಳು ಕಿ.ಮೀ. ಅಂತರವೆಂದರೆ ಒಬ್ಬ ಹುಡುಗನ ಇಡೀ ವರ್ಷದ ಪ್ರಗತಿಯನ್ನೇ ನುಂಗಿಹಾಕುವಷ್ಟು. ಆ 95.6 ಟೆನಿಸ್ ಚೆಂಡಿನದಾಗಿದ್ದರೆ ಕೈಬಿಟ್ಟ ವೇಗ ಸುಮಾರು 107, ಚರ್ಮದ ಚೆಂಡಿನದಾಗಿದ್ದರೆ 99.

ಮೊಬೈಲ್ ಹೇಳಿಕೊಳ್ಳುವ 240 ನಿಜವಾದ 240 ಹೌದೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಕೆಲವು ಅಗ್ಗದ ಫೋನುಗಳು ಕಡಿಮೆ ಫ್ರೇಮ್ ತೆಗೆದು ಅವನ್ನೇ ಇಮ್ಮಡಿ ಮಾಡಿ ತುಂಬುತ್ತವೆ. ಕ್ರಿಕೆಟ್ ಚೆಂಡನ್ನು 2 ಮೀಟರ್ ಎತ್ತರದಿಂದ ಸುಮ್ಮನೆ ಕೈಬಿಟ್ಟರೆ ನೆಲ ಮುಟ್ಟಲು 0.64 ಸೆಕೆಂಡು ಬೇಕು, ಅಂದರೆ 153 ಫ್ರೇಮ್. ಎಣಿಕೆ ಅದರ ಹತ್ತಿರ ಬಂದು, ಪ್ರತಿ ಫ್ರೇಮ್‌ನಲ್ಲೂ ಚೆಂಡು ಸರಿದಿದ್ದರೆ ಫೋನು ಯೋಗ್ಯ. ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊದ ಮೇಲೆ ಎಣಿಸಬಾರದು, ಅದು ಕುಗ್ಗುವಾಗ ಫ್ರೇಮ್‌ಗಳು ಕಳೆದುಹೋಗುತ್ತವೆ. ತೆಗೆದ ಫೋನಿನಲ್ಲೇ ಎಣಿಸಬೇಕು.

ಶಬ್ದ ಮತ್ತು ರೇಡಾರ್

ಗೋಡೆಗೆ ತಗಡು ಆನಿಸಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಶಬ್ದದ ವಿಧಾನವಿದೆ. ಚೆಂಡು ನೆಲಕ್ಕೆ ಬಡಿದ ಸದ್ದು, ತಗಡಿಗೆ ಬಡಿದ ಸದ್ದು ಎರಡನ್ನೂ ಫೋನು ದಾಖಲಿಸುತ್ತದೆ. ಧ್ವನಿ ತಿದ್ದುವ ಯಾವುದೇ ಉಚಿತ ತಂತ್ರಾಂಶದಲ್ಲಿ ಎರಡು ಮೊನೆಗಳ ನಡುವಿನ ಕಾಲ ಮಿಲಿಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ. ಫೋನನ್ನು ಎರಡೂ ಜಾಗಗಳಿಂದ ಸಮದೂರದಲ್ಲಿ ಇಡುವುದು ಮುಖ್ಯ. ತಗಡಿನ ಪಕ್ಕದಲ್ಲಿಟ್ಟರೆ 6 ಮೀಟರ್ ಆಚೆಯ ಮೊದಲ ಸದ್ದು ಸೆಕೆಂಡಿನ ನೂರನೇ ಎರಡು ಭಾಗದಷ್ಟು ತಡವಾಗಿ ತಲುಪಿ ವೇಗ ಸುಳ್ಳಾಗಿ ಹೆಚ್ಚಾಗುತ್ತದೆ. ಈ ವಿಧಾನ ತಿಳಿಸುವುದು ಪುಟಿದ ನಂತರದ ವೇಗವನ್ನು. ಬ್ಯಾಟ್ಸ್‌ಮನ್ ಎದುರಿಸುವುದು ಆ ವೇಗವನ್ನೇ, ಎರೆಮಣ್ಣಿನ ನೆಲಕ್ಕೂ ಗಟ್ಟಿ ಮುರುಮಕ್ಕೂ ಇರುವ ಅಂತರ ಬಯಲಾಗುವುದೂ ಅದರಲ್ಲೇ.

ಕೈಯಲ್ಲಿ ಹಿಡಿಯುವ ಸಣ್ಣ ರೇಡಾರುಗಳೂ ಈಗ ಮಾರಾಟಕ್ಕಿವೆ. ಡಾಪ್ಲರ್ 1842ರಲ್ಲಿ ವಿವರಿಸಿದ ಪರಿಣಾಮವೇ ಇವುಗಳ ಆಧಾರ. 24 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಬಳಸುವ ಸಾಧನದಲ್ಲಿ ಚೆಂಡಿನ ವೇಗ ಗಂಟೆಗೆ 1 ಕಿ.ಮೀ. ಹೆಚ್ಚಿದರೆ ಮರಳಿ ಬರುವ ಅಲೆಯ ಆವರ್ತನದಲ್ಲಿ ಸುಮಾರು 45 ಹರ್ಟ್ಸ್ ವ್ಯತ್ಯಾಸ ಕಾಣುತ್ತದೆ. ಚೆಂಡಿನ ದಾರಿಗೆ ನೇರವಾಗಿ ನಿಂತರಷ್ಟೇ ಅಂಕಿ ಸರಿ. 10 ಡಿಗ್ರಿ ಓರೆಯಾದರೆ ನೂರಕ್ಕೆ ಒಂದೂವರೆ, 20 ಡಿಗ್ರಿಗೆ ಆರು, 30 ಡಿಗ್ರಿಗೆ ಹದಿಮೂರು ಭಾಗ ಕಡಿಮೆ ತೋರಿಸುತ್ತದೆ; ಓರೆಯಿಂದ ಹೆಚ್ಚು ತೋರಿಸುವುದು ಎಂದೂ ಇಲ್ಲ. ತಿರುಗುವ ಫ್ಯಾನು, ಬೀದಿಯ ಬೈಕು ಎರಡೂ ಅದರ ಕಣ್ಣಿಗೆ ಬೀಳುತ್ತವೆ.

ಸ್ಪಿನ್

ಮನೆಯ ಅಳತೆ ನಿಜವಾಗಿ ಬೆಲೆಬಾಳುವುದು ಇಲ್ಲಿ. ವೇಗವನ್ನು ಅನುಭವಿ ಕಣ್ಣು ಅಂದಾಜು ಮಾಡಬಲ್ಲದು. ನಿಮಿಷಕ್ಕೆ 1,500 ಸುತ್ತನ್ನೂ 1,900 ಸುತ್ತನ್ನೂ ಬೇರ್ಪಡಿಸುವುದು ಯಾವ ಕಣ್ಣಿಗೂ ಆಗದ ಕೆಲಸ.

ಚೆಂಡಿನ ಮೇಲೆ ಗುರುತು ಬೇಕು. ಅರ್ಧ ಚೆಂಡಿಗೆ ಇನ್ಸುಲೇಷನ್ ಟೇಪು ಸುತ್ತುವ ರೂಢಿ ಟೆನಿಸ್‌ಬಾಲ್ ಆಟದಲ್ಲಿದೆ, ಆದರೆ ಅದು ಚೆಂಡನ್ನೇ ಸ್ವಿಂಗ್ ಮಾಡಿಸುವುದರಿಂದ ಅಳತೆಗೆ ಒಳ್ಳೆಯದಲ್ಲ. ದಪ್ಪ ಮಾರ್ಕರ್ ಪೆನ್ನಿನಿಂದ ಒಂದಕ್ಕೊಂದು ಅಡ್ಡವಾಗಿ ಎರಡು ವೃತ್ತ ಬರೆದರೆ ಸಾಕು. ಒಂದೇ ವೃತ್ತವಿದ್ದು ಅದು ತಿರುಗುವ ದಿಕ್ಕಿನಲ್ಲೇ ಕೂತರೆ ಸುತ್ತು ಕಾಣುವುದೇ ಇಲ್ಲ. ಆಮೇಲೆ 240 ಫ್ರೇಮ್ ವಿಡಿಯೊದಲ್ಲಿ ಗುರುತು ಮರಳಿ ಅದೇ ಜಾಗಕ್ಕೆ ಬರಲು ಎಷ್ಟು ಫ್ರೇಮ್ ಹಿಡಿಯಿತು ಎಂದು ಎಣಿಸಬೇಕು. ಒಂದರ ಬದಲು ಮೂರು ಸುತ್ತು ಎಣಿಸಿದರೆ ತಪ್ಪು ಮೂರರಲ್ಲಿ ಹಂಚಿಹೋಗುತ್ತದೆ. 3 ಸುತ್ತಿಗೆ 24 ಫ್ರೇಮ್ ಆದರೆ ನಿಮಿಷಕ್ಕೆ 1,800 ಸುತ್ತು.

ಇದೇ 1,800 ಸುತ್ತಿನ ಚೆಂಡನ್ನು 30 ಫ್ರೇಮ್ ವಿಡಿಯೊದಲ್ಲಿ ತೆಗೆದರೆ ಅದು ತಿರುಗುತ್ತಲೇ ಇಲ್ಲ ಎನಿಸುತ್ತದೆ, ಏಕೆಂದರೆ ಪ್ರತಿ ಫ್ರೇಮ್‌ಗೂ ಸರಿಯಾಗಿ ಒಂದು ಸುತ್ತು ಮುಗಿದಿರುತ್ತದೆ. 1,700 ಸುತ್ತಾದರೆ ಸಿನಿಮಾದ ಬಂಡಿಚಕ್ರದಂತೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಆಫ್‌ಸ್ಪಿನ್ ಹಾಕಿದ ಹುಡುಗನಿಗೆ ‘ನಿನ್ನ ಚೆಂಡು ಉಲ್ಟಾ ತಿರುಗ್ತದ’ ಎಂದು ಹೇಳುವ ಅಪಾಯ ಇಲ್ಲಿದೆ.

ಬೆಳಕು ಎರಡನೆಯ ತೊಡಕು. ಗಂಟೆಗೆ 90 ಕಿ.ಮೀ. ವೇಗದ ಚೆಂಡು ಸೆಕೆಂಡಿನ 240ನೇ ಒಂದು ಭಾಗದಲ್ಲಿ 10 ಸೆಂ.ಮೀ. ಸಾಗುತ್ತದೆ, ತನ್ನ ವ್ಯಾಸಕ್ಕಿಂತಲೂ ಹೆಚ್ಚು. ಶಟರ್ ಅಷ್ಟು ಹೊತ್ತು ತೆರೆದಿದ್ದರೆ ಚಿತ್ರದಲ್ಲಿ ಉದ್ದನೆಯ ಮಸುಕು ಮಾತ್ರ ಸಿಗುತ್ತದೆ. 2,000ನೇ ಒಂದು ಭಾಗಕ್ಕೆ ಇಳಿಸಿದರೆ ಮಸುಕು ಒಂದೂಕಾಲು ಸೆಂ.ಮೀ.ಗೆ ಇಳಿದು ಗುರುತು ಕಾಣುತ್ತದೆ. ಅದಕ್ಕೆ ಬೇಕಾದ ಬೆಳಕು ಕೊಡುವುದು ಸೂರ್ಯ ಮಾತ್ರ. ಸಂಜೆ ಬಲ್ಬಿನ ಕೆಳಗೆ ತೆಗೆದರೆ ಮಸುಕಿನ ಜೊತೆಗೆ 50 ಹರ್ಟ್ಸ್ ವಿದ್ಯುತ್ತಿನ ಮಿನುಗೂ ಸೇರಿಕೊಳ್ಳುತ್ತದೆ. ಈ ಸೀಮೆಯಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಬಿಸಿಲಿಗೆ ಬರವಿಲ್ಲ.

ಸುತ್ತಿನ ಸಂಖ್ಯೆ ಅರ್ಧ ಮಾತ್ರ, ಅಕ್ಷ ಇನ್ನರ್ಧ. 1852ರಲ್ಲಿ ಮ್ಯಾಗ್ನಸ್ ವಿವರಿಸಿದಂತೆ ತಿರುಗುವ ಚೆಂಡನ್ನು ಗಾಳಿ ಪಕ್ಕಕ್ಕೋ ಕೆಳಕ್ಕೋ ಒತ್ತುತ್ತದೆ. ಅಕ್ಷ ಚೆಂಡಿನ ದಾರಿಗೆ ಅಡ್ಡವಾಗಿದ್ದಾಗ ಈ ಒತ್ತು ಗರಿಷ್ಠ. ಬಂದೂಕಿನ ಗುಂಡಿನಂತೆ ಅಕ್ಷ ದಾರಿಯ ಉದ್ದಕ್ಕೇ ಇದ್ದರೆ ಎಷ್ಟು ಸುತ್ತಿದ್ದರೂ ಗಾಳಿಯಲ್ಲಿ ಬಾಗು ಇಲ್ಲ. ಆದ್ದರಿಂದ ಸ್ಪಿನ್‌ಗಾಗಿ ಒಂದು ವಿಡಿಯೊವನ್ನು ಬೌಲರ್‌ನ ಹಿಂದಿನಿಂದ, ಇನ್ನೊಂದನ್ನು ಪಕ್ಕದಿಂದ ತೆಗೆಯುವುದು ಒಳಿತು.

ಕರ್ನಾಟಕದ ಸ್ಪಿನ್ ಪರಂಪರೆ ಈ ಮಾತಿಗೆ ಒಳ್ಳೆಯ ಪಾಠ. ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಬಿ.ಎಸ್. ಚಂದ್ರಶೇಖರ್ ಮಧ್ಯಮ ವೇಗಿಗಳ ಹತ್ತಿರದ ವೇಗದಲ್ಲಿ ಲೆಗ್‌ಸ್ಪಿನ್ ಹಾಕಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಅದೇ ಕಾಲದ ಇ.ಎ.ಎಸ್. ಪ್ರಸನ್ನ ಚೆಂಡನ್ನು ಮೇಲಕ್ಕೆ ತೇಲಿಬಿಟ್ಟು ಕೊನೆಯಲ್ಲಿ ಇಳಿಸುವ ಕಲೆಯಿಂದ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಗಳಿಸಿದರು. ಅನಿಲ್ ಕುಂಬ್ಳೆ ಹೆಚ್ಚು ತಿರುವಿಲ್ಲದೆ, ವೇಗ ಮತ್ತು ಪುಟಿತದ ಬಲದಿಂದ 619ಕ್ಕೆ ಮುಟ್ಟಿದರು. ಉತ್ತರ ಕರ್ನಾಟಕದವರಿಗೆ ಇನ್ನೂ ಹತ್ತಿರದವರು ಗದಗದ ಸುನಿಲ್ ಜೋಶಿ. ಬಾಲ್ಯದಲ್ಲಿ ಅಭ್ಯಾಸಕ್ಕೆಂದು ಬೆಳಗ್ಗೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಶಾಲೆಯ ಹೊತ್ತಿಗೆ ಮರಳುತ್ತಿದ್ದ ಈ ಎಡಗೈ ಸ್ಪಿನ್ನರ್ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಇವರೆಲ್ಲರ ವೇಗ ಬೇರೆ, ತಿರುವು ಬೇರೆ. ವೇಗಿಗಳಲ್ಲೂ ಹಾಗೆಯೇ: 236 ಟೆಸ್ಟ್ ವಿಕೆಟ್‌ಗಳ ಜಾವಗಲ್ ಶ್ರೀನಾಥ್ ವೇಗಕ್ಕೆ ಹೆಸರಾದರೆ, ದಾವಣಗೆರೆಯ ವಿನಯ್ ಕುಮಾರ್ ಮಧ್ಯಮ ವೇಗದಲ್ಲೇ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದರು. ಮನೆಯ ನೋಟುಬುಕ್ಕಿನಲ್ಲಿ ವೇಗದ ಪಕ್ಕದಲ್ಲಿ ಸುತ್ತು, ಸುತ್ತಿನ ಪಕ್ಕದಲ್ಲಿ ಚೆಂಡು ಬಿದ್ದ ಜಾಗ, ಮೂರನ್ನೂ ಬರೆಯಬೇಕೆನ್ನುವುದು ಇದಕ್ಕಾಗಿ.

ಸಾಫ್ಟ್‌ಬಾಲ್‌ನಲ್ಲಿ

1887ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಈ ಆಟದಲ್ಲಿ ಚೆಂಡು ದೊಡ್ಡದು: ಸುತ್ತಳತೆ 12 ಇಂಚು, ತೂಕ 178ರಿಂದ 198 ಗ್ರಾಂ. ಪಿಚರ್ ತೋಳನ್ನು ಗಿರಗಟ್ಟೆಯಂತೆ ಪೂರ್ಣ ಸುತ್ತಿಸಿ ಸೊಂಟದ ಬಳಿ ಕೆಳಗೈಯಿಂದ ಬಿಡುತ್ತಾಳೆ. ಮಹಿಳೆಯರಿಗೆ ಪಿಚಿಂಗ್ ಅಂತರ 43 ಅಡಿ, ಪುರುಷರಿಗೆ 46. ಮುಂದಕ್ಕೆ ಹಾಕುವ ದಾಪುಗಾಲಿನಿಂದಾಗಿ ಚೆಂಡು ನಿಜವಾಗಿ ಸಾಗುವುದು 11 ಮೀಟರ್ ಆಸುಪಾಸು. ಮನೆಯಲ್ಲಿ ಅಳೆಯುವವರು ಹೆಚ್ಚಾಗಿ ಮಾಡುವ ತಪ್ಪೆಂದರೆ 43 ಅಡಿಯನ್ನೇ ಲೆಕ್ಕಕ್ಕೆ ಹಿಡಿಯುವುದು. ವೇಗ ನೂರಕ್ಕೆ ಇಪ್ಪತ್ತರಷ್ಟು ಉಬ್ಬಿಬಿಡುತ್ತದೆ. ಮುಂಗಾಲು ಬಿದ್ದ ಗುರುತು ನೋಡಿ ಅಲ್ಲಿಂದಲೇ ಟೇಪು ಹಿಡಿಯಬೇಕು. ಚೆಂಡು ನೆಲಕ್ಕೆ ಬೀಳುವುದಿಲ್ಲವಾದ್ದರಿಂದ ಕ್ಯಾಚರ್‌ನ ಕೈಗವಸು ಅಥವಾ ಬಲೆ ಮುಟ್ಟಿದ ಫ್ರೇಮೇ ಕೊನೆ. 11 ಮೀಟರಿಗೆ 106 ಫ್ರೇಮ್ ಬಂದರೆ ಗಂಟೆಗೆ ಸುಮಾರು 90 ಕಿ.ಮೀ.

ಅಮೆರಿಕದ ಮೋನಿಕಾ ಆ್ಯಬಟ್ 2012ರಲ್ಲಿ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿ.ಮೀ. ಮುಟ್ಟಿದ್ದು 2025ರವರೆಗೆ ಮಹಿಳೆಯರ ದಾಖಲೆಯಾಗಿತ್ತು. ಕೇಳಲು ಕ್ರಿಕೆಟ್‌ಗಿಂತ ಕಡಿಮೆ ಎನಿಸಬಹುದು. ಆದರೆ 105 ಕಿ.ಮೀ. ವೇಗದ ಪಿಚ್ 11 ಮೀಟರನ್ನು 0.4 ಸೆಕೆಂಡಿನೊಳಗೆ ದಾಟುತ್ತದೆ. 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿಗೆ ಕ್ರೀಸಿನಿಂದ ಕ್ರೀಸಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಮ್ಮ ಶಾಲೆಗಳ ಸಾಫ್ಟ್‌ಬಾಲ್ ಹುಡುಗಿಯರು ಎದುರಿಸುವ ಸವಾಲು ಇಷ್ಟು ದೊಡ್ಡದೆಂದು ಊರವರಿಗೆ ಗೊತ್ತಿಲ್ಲ, ಗೊತ್ತಾಗಬೇಕು. ಸ್ಪಿನ್ ಇಲ್ಲಿ ನಿಮಿಷಕ್ಕೆ ಸಾವಿರದಿಂದ ಸಾವಿರದ ನಾಲ್ಕುನೂರರ ನಡುವೆ ಇರುವುದು ಸಾಮಾನ್ಯ. ಮುಂದಕ್ಕೆ ಉರುಳುವ ಸುತ್ತು ಡ್ರಾಪ್‌ಬಾಲ್, ಹಿಂದಕ್ಕೆ ಉರುಳುವುದು ರೈಸ್‌ಬಾಲ್. 1,200 ಸುತ್ತಿಗೆ 240 ಫ್ರೇಮ್‌ನಲ್ಲಿ ಸುತ್ತೊಂದಕ್ಕೆ 12 ಫ್ರೇಮ್ ಸಿಗುವುದರಿಂದ ಎಣಿಕೆ ಸುಲಭ.

ಮೈಯ ಎಚ್ಚರ

ಅಂಕಿ ಕಣ್ಣೆದುರಿಗಿದ್ದರೆ ಮಕ್ಕಳು ಅದನ್ನು ದಾಟಲು ಹೊರಡುತ್ತಾರೆ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳಲ್ಲಿ ಸೊಂಟದ ಬೆನ್ನುಮೂಳೆಗೆ ಕೂದಲೆಳೆ ಬಿರುಕು ಬೀಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಗಾಯ. ಕೆಳಗೈ ಪಿಚಿಂಗ್ ಭುಜಕ್ಕೆ ಹಗುರ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮೈ ಕಾದ ಮೇಲೆ ಕೆಲವೇ ಎಸೆತ ಅಳೆದು ಮೊಬೈಲ್ ಮುಚ್ಚಿಡುವುದು, ಬೆನ್ನುನೋವೆಂದ ದಿನ ಅಳೆಯದೇ ಇರುವುದು ತಾಯ್ತಂದೆಯರ ಹೊಣೆ. ಕ್ಯಾಮೆರಾ ಹಿಡಿದವರು ಬಲೆಯ ಹಿಂದೆಯೇ ನಿಲ್ಲಬೇಕು.

ಸಂವೇದಕಗಳು

ಚೆಂಡಿನೊಳಗೇ ಸಂವೇದಕ ಕೂರಿಸಿ ವೇಗ, ಸುತ್ತುಗಳನ್ನು ಮೊಬೈಲಿಗೆ ಕಳಿಸುವ ಸ್ಮಾರ್ಟ್ ಚೆಂಡುಗಳು ಸಾಫ್ಟ್‌ಬಾಲ್, ಕ್ರಿಕೆಟ್ ಎರಡಕ್ಕೂ ಬಂದಿವೆ. ಕೂಕಬುರ ಕಂಪನಿಯ ಅಂಥ ಚೆಂಡು 2021ರ ಕೆರಿಬಿಯನ್ ಪ್ರೀಮಿಯರ್ ಲೀಗ್‌ನಲ್ಲಿ ಬಳಕೆಯಾಯಿತು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ಕುಂಬ್ಳೆ ಸ್ಥಾಪಿಸಿದ ಸ್ಪೆಕ್ಟಾಕಾಂ ಸಂಸ್ಥೆ 2018ರಲ್ಲಿ ಬ್ಯಾಟಿನ ಹಿಂಬದಿಗೆ ಅಂಟಿಸುವ ಹಗುರ ಸಂವೇದಕವನ್ನು ಹೊರತಂದಿತು. ಅದು ಹೊಡೆತದ ವೇಗ, ಬ್ಯಾಟಿನ ತಿರುಚು, ಹೊಡೆತದ ಗುಣಮಟ್ಟವನ್ನು ಅಳೆಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತೆರೆದ ಭಾರತೀಯ ಕ್ರಿಕೆಟ್ ಮಂಡಳಿಯ ಉತ್ಕೃಷ್ಟತಾ ಕೇಂದ್ರದಲ್ಲಿ ಇಂಥ ಅಳತೆಗಳಿಗೆ ಪ್ರಯೋಗಾಲಯವೇ ಇದೆ. ಸಂವೇದಕದ ಚೆಂಡು ತಾನು ತಿರುಗುವುದನ್ನು ನೇರವಾಗಿ ಅರಿಯುತ್ತದೆ, ಆದ್ದರಿಂದ ಸುತ್ತಿನ ಅಂಕಿ ಬಲು ನಿಖರ. ವೇಗವನ್ನು ಮಾತ್ರ ಅದು ಕೈಬಿಟ್ಟ ಕ್ಷಣದಿಂದ ಬಡಿದ ಕ್ಷಣದವರೆಗಿನ ಕಾಲದಿಂದ ಲೆಕ್ಕ ಹಾಕುವಾಗ ದೂರವನ್ನು ನಾವೇ ತುಂಬಿಕೊಡಬೇಕಾಗುತ್ತದೆ. ಅಲ್ಲಿ ಮತ್ತೆ ಟೇಪು ಹಿಡಿಯಲೇಬೇಕು.